ಕರಡಿಗೆಯೊಳಗಿನ ಮಾತ್ರೆ

ನೆಗಡಿಯಾದರೆ ಬೀದಿಗೆಲ್ಲ ಕೇಳುವಂತೆ ನರಳುವ ಗಂಡಸರು, ನಿಜವಾದ ಕಾಯಿಲೆ ಬಂದಾಗ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಇದು ನಾನು ಬೇರೆಯವರನ್ನು ನೋಡಿ ಕಲಿತದ್ದಲ್ಲ. ಎರಡು ಸೀನು ಬಂದರೆ ಶುಂಠಿ ಕಷಾಯ, ಬಿಸಿನೀರು, ಮಫ್ಲರ್ ಎಂದು ಮನೆಯನ್ನೇ ತಲೆಯ ಮೇಲೆ ಹೊರುವ ನಾನು, ಎದೆ ಹಿಡಿದುಕೊಂಡಂತೆ ಆಗತೊಡಗಿದಾಗ ಹೆಂಡತಿ ಗೌರಮ್ಮನಿಗೆ ಒಂದಕ್ಷರ ಹೇಳಲಿಲ್ಲ. ಮಾಗಡಿಯಲ್ಲಿ ನಮ್ಮ ನೋಟ್‌ಬುಕ್ ಅಂಗಡಿಯ ಹಿಂದಿನ ಬೀದಿಯಲ್ಲಿರುವ ವಯಸ್ಸಾದ ಡಾಕ್ಟರರ ಬಳಿ ಕದ್ದು ಹೋದೆ. ಅವರು, ರಾಮನಗರಕ್ಕೆ ಹೋಗಿ ಆಂಜಿಯೋಗ್ರಾಮ್ ಮಾಡಿಸಿ, ಅಲ್ಲಿಯವರೆಗೆ ನೋವು ಬಂದರೆ ಈ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಿ ಎಂದರು. ಎರಡು ಸಲಹೆಗಳಲ್ಲಿ ಸುಲಭವಾದುದನ್ನು ಪಾಲಿಸಿದೆ. ಗೌರಮ್ಮನ ಅಣ್ಣ ಎದೆನೋವಿನಲ್ಲೇ ಹೋದವರು, ಪಾಪ ಹೆದರಿಕೊಳ್ಳುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಮಣಿಕಟ್ಟಿನಿಂದ ಹೃದಯದವರೆಗೆ ನಳಿಕೆ ತೂರಿಸುತ್ತಾರೆ ಎಂದು ಕೇಳಿದಾಗಲೇ ನನ್ನ ಅರ್ಧ ಜೀವ ಹೋಗಿತ್ತು.

ಮಾತ್ರೆಯನ್ನು ಎಲ್ಲಿಡುವುದು ಎಂಬುದೇ ತೊಡಕಾಯಿತು. ಅಂಗಿಯ ಜೇಬನ್ನು ಒಗೆಯುವ ಮುಂಚೆ ಅವಳು ತಡಕುತ್ತಾಳೆ. ಅಂಗಡಿಯ ಗಲ್ಲಾ ಪೆಟ್ಟಿಗೆಯ ಬೀಗದ ಕೈ ಅವಳ ಸೊಂಟದಲ್ಲಿರುತ್ತದೆ. ಅವಳ ಕೈ ಹೋಗದ ಜಾಗ ಒಂದೇ, ನನ್ನ ಕೊರಳಿನ ಕರಡಿಗೆ. ನಮ್ಮಲ್ಲಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಿಂದ ಎದೆಯ ಮೇಲೆ ಧರಿಸುತ್ತೇವೆ. ದಿನಾ ಅಂಗೈಯಲ್ಲಿಟ್ಟು ಪೂಜಿಸಬೇಕು. ನಾನು ಅಂಗಡಿಯ ನೆಪ ಹೇಳಿ ಎಷ್ಟೋ ವರ್ಷಗಳಿಂದ ಕಣ್ಣಿಗೊತ್ತಿಕೊಳ್ಳುವಲ್ಲಿಗೆ ಮುಗಿಸುತ್ತಿದ್ದೆ. ಲಿಂಗವಸ್ತ್ರದ ಪಕ್ಕದಲ್ಲಿ ನಾಲ್ಕು ಪುಟ್ಟ ಮಾತ್ರೆಗಳಿಗೆ ಜಾಗ ಸಿಕ್ಕಿತು, ಮುಗಿದಾಗ ಮತ್ತೆ ತಂದು ತುಂಬುತ್ತಿದ್ದೆ. ನೋವು ಬಂದಾಗ ಗೋಡೆಯ ಕಡೆ ಮುಖಮಾಡಿ ಕೂತು, ಕರಡಿಗೆ ತೆರೆದು, ಮಾತ್ರೆ ಬಾಯಿಗಿಟ್ಟು, ಅದು ಕರಗುವವರೆಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ತಪ್ಪಾಯಿತಪ್ಪಾ ಶಿವನೇ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದುದೂ ಉಂಟು.

ಎರಡು ತಿಂಗಳು ಹೀಗೇ ನಡೆಯಿತು. ಒಂದು ಬೆಳಗ್ಗೆ ನೋಟ್‌ಬುಕ್ಕಿನ ಕಟ್ಟು ಎತ್ತಲು ಹೋಗಿ ಬೆವತು ಕುಸಿದು ಕೂತೆ. ತಿಂಡಿ ತಂದಿದ್ದ ಗೌರಮ್ಮ ಡಬ್ಬಿಯನ್ನು ಅಲ್ಲೇ ಬಿಟ್ಟು, ಬಾಡಿಗೆ ಕಾರು ಮಾಡಿಕೊಂಡು, ರಾಮನಗರದ ಆಸ್ಪತ್ರೆಗೆ ಸಾಗಿಸಿದಳು. ನೋವು ಯಾವಾಗಿನಿಂದ ಎಂದು ಹೃದಯದ ಡಾಕ್ಟರು ಕೇಳಿದರೆ, ಪಕ್ಕದಲ್ಲಿ ಅವಳು ನಿಂತಿದ್ದಾಳಲ್ಲ, ಇವತ್ತೇ ಮೊದಲು ಎಂದುಬಿಟ್ಟೆ.

ಮರುದಿನ ಆಂಜಿಯೋಗ್ರಾಮ್ ಎಂದು ನಿಶ್ಚಯವಾಯಿತು. ಬೆಳಗ್ಗೆ ಹೊಟ್ಟೆಗೆ ಏನೂ ಇಲ್ಲ. ಎಡಗೈಗೆ ಸೂಜಿ ಚುಚ್ಚಿ ಪಟ್ಟಿ ಅಂಟಿಸಿದರು. ಬಲ ಮಣಿಕಟ್ಟಿನ ಕೂದಲು ತೆಗೆದರು. ಅಲ್ಲಿ ಆಗದಿದ್ದರೆ ಇರಲಿ ಎಂದು, ನನ್ನ ಇಷ್ಟು ವರ್ಷದ ಬಾಳಿನಲ್ಲಿ ಯಾವ ಕ್ಷೌರಿಕನೂ ಕಾಣದ ತೊಡೆಯ ಸಂದಿಯನ್ನೂ ನುಣ್ಣಗೆ ಮಾಡಿದರು. ಬೆನ್ನ ಹಿಂದೆ ಲಾಡಿ ಕಟ್ಟುವ, ಮುಂದೆ ಮಾತ್ರ ಮಾನ ಕಾಯುವ ಹಸಿರು ನಿಲುವಂಗಿ ತೊಡಿಸಿದರು. ಆಮೇಲೆ ನರ್ಸಮ್ಮ, ಕೂಟಗಲ್ ಕಡೆಯ ಹುಡುಗಿ, ಕರಡಿಗೆಗೆ ಕೈ ತೋರಿಸಿದಳು.

"ಇದನ್ನ ತೆಗೀಬೇಕು ಕಣ್ ಅಂಕಲ್. ಸರಿಯಾಗಿ ಹಾರ್ಟ್ ಮೇಲೇ ಐತೆ. ಎಕ್ಸ್‌ರೇಲಿ ಬೆಳ್ಳಿ ಕಾಣ್ತದೆ, ರಕ್ತನಾಳ ಕಾಣಾಕಿಲ್ಲ."

ನನ್ನ ಭಕ್ತಿ ಆ ಕ್ಷಣದಲ್ಲಿ ಉಕ್ಕಿದಂತೆ ಹಿಂದೆಂದೂ ಉಕ್ಕಿರಲಿಲ್ಲ. ಪ್ರಾಣ ಹೋದರೂ ಲಿಂಗ ಬಿಚ್ಚುವುದಿಲ್ಲ ಎಂದೆ. ಗೌರಮ್ಮನ ಕಣ್ಣಲ್ಲಿ ನೀರಾಡಿತು. ಅವಳು ನನ್ನ ಪರವಾಗಿ ವಕಾಲತ್ತಿಗೆ ನಿಂತಳು. ಲಿಂಗ ಮೈಮೇಲಿದ್ದರೆ ಸಾಕು, ಬೆಳ್ಳಿ ಬಿಟ್ಟು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಬಹುದು, ನಮ್ಮ ಹಿರಿಯರೂ ಕಟ್ಟುತ್ತಿದ್ದರು ಎಂದಳು. ನರ್ಸಮ್ಮ ಡಾಕ್ಟರನ್ನು ಕೇಳಿ ಬಂದು, ಎಡತೋಳಿಗೆ ಆಗಬಹುದು ಎಂದಳು. ನಾನೇ ಕಟ್ಟಿಕೊಳ್ಳುತ್ತೇನೆ ಎಂದರೆ ಎಡಗೈಯಲ್ಲಿ ಸೂಜಿ, ಔಷಧಿ ಬಳಿದ ಬಲಗೈ ಏನನ್ನೂ ಮುಟ್ಟುವಂತಿಲ್ಲ. ಗೌರಮ್ಮ ಕೈ ತೊಳೆದು ಬಂದು, ಕಣ್ಣಿಗೊತ್ತಿಕೊಂಡು, ಕರಡಿಗೆ ತೆರೆದಳು. ಎರಡು ಮಾತ್ರೆಗಳು ಹಾಸಿಗೆಯ ಮೇಲೆ ಬಿದ್ದವು.

ನರ್ಸಮ್ಮ ಅವನ್ನು ಎತ್ತಿ ನೋಡಿ, ಎಷ್ಟು ದಿನದಿಂದ ಎಂದು ಕೇಳಿದಳು. ಎರಡು ತಿಂಗಳು ಎಂದೆ. ಅವಳು ಡಾಕ್ಟರಿಗೆ ಹೇಳಲು ಓಡಿದಳು. ಗೌರಮ್ಮ ಬಯ್ಯಲಿಲ್ಲ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಿದಳು, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

"ನೀವು ಗ್ವಾಡೆ ಕಡೀಕ್ ತಿರುಗಿ ಕೂತಾಗೆಲ್ಲ ಪೂಜೆ ಮಾಡ್ತಾವ್ರೆ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. "ಕುಕ್ಕರ್ ಕೂಗಿದ್ರೆ ನಿಮ್ ಮನಸ್ಸು ಕದಲ್ತದೆ ಅಂತ ಒಲೆ ಆರಿಸ್ಬುಡ್ತಿದ್ದೆ. ಎದೆ ನೋಯುಸ್ಕೊಂಡು ಕೂತಿದ್ರಾ?"

ಅಷ್ಟರಲ್ಲಿ ಗಾಲಿಮಂಚ ಬಂತು.

ಒಳಗಿನ ಕೋಣೆ ಚಳಿಗಾಲದ ಮುಂಜಾವಿನಷ್ಟು ತಣ್ಣಗಿತ್ತು. ನನ್ನ ಎದೆಯ ಸುತ್ತ ದೊಡ್ಡ ಕ್ಯಾಮೆರಾ ಒಂದು ಬಾಗಿ ಬಾಗಿ ಇಣುಕಿತು. ಮಣಿಕಟ್ಟಿನಲ್ಲಿ ಒಂದು ಸೂಜಿ ಚುಚ್ಚಿದ್ದು ಬಿಟ್ಟರೆ ಯಾವ ನೋವೂ ಇಲ್ಲ. ರಕ್ತನಾಳ ಕಾಣಲೆಂದು ನಳಿಕೆಯಲ್ಲಿ ಡೈ ಬಿಟ್ಟಾಗ ಎದೆ ಸ್ವಲ್ಪ ಬೆಚ್ಚಗಾಯಿತು, ಪರದೆಯ ಮೇಲೆ ನನ್ನ ರಕ್ತನಾಳಗಳು ಕಪ್ಪಗೆ ಮೂಡಿ ಮಾಯವಾದವು. ಇಷ್ಟಕ್ಕೇ ಎರಡು ತಿಂಗಳು ಹೆದರಿದೆನಲ್ಲ ಎಂದು ನಾಚಿಕೆಯಾಯಿತು. ಆ ಹೊತ್ತಿನಲ್ಲಿ ಶಿವನನ್ನು ನೆನೆಯಬೇಕಿತ್ತು. ನೆನಪಿಗೆ ಬಂದದ್ದು, ಆರಿಸಿದ ಒಲೆಯ ಮುಂದೆ ಸದ್ದು ಮಾಡದೆ ನಿಂತ ಗೌರಮ್ಮ. ಅವಳಿಗೆ ನಾನು ಮೋಸ ಮಾಡಿದ್ದೆ, ಅದು ಸೂಜಿಗಿಂತ ಹೆಚ್ಚು ನೋಯಿಸಿತು. ಕಣ್ಣೊರೆಸಿಕೊಳ್ಳಲು ಕೈ ಆಡಿಸುವಂತಿರಲಿಲ್ಲ. ಡಾಕ್ಟರು, ನೋವಾಗುತ್ತಿದೆಯೇ ಎಂದರು. ಇಲ್ಲ ಎಂದೆ.

ಒಂದು ಕಡೆ ಅಡಚಣೆಯಿತ್ತು. ಆಗಲೇ ಸ್ಟೆಂಟ್ ಹಾಕಿ ಸರಿಮಾಡಿದರು. ತಿಂಗಳ ಮೇಲೆ ತಪಾಸಣೆಗೆ ಹೋದಾಗ ಅದೇ ಡಾಕ್ಟರು, ಮತ್ತೆ ಎದೆನೋವು ಬಂತೇ ಎಂದು ಕೇಳಿದರು. ಇಲ್ಲ ಎಂದೆ, ನಿಜವಾಗಿಯೂ ಬಂದಿರಲಿಲ್ಲ. ಅವರು ಪೆನ್ನು ಹಿಡಿದುಕೊಂಡೇ ಗೌರಮ್ಮನ ಕಡೆ ತಿರುಗಿದರು. ಅವಳು ನನ್ನ ಮುಖವನ್ನು ಸಾವಕಾಶವಾಗಿ ನೋಡಿ, ಇಲ್ಲ ಎಂದು ತಲೆಯಾಡಿಸಿದಳು. ಅವರು ಬರೆದುಕೊಂಡರು. ನೋವಿಲ್ಲ ಎಂದು ನನಗೂ ನಂಬಿಕೆ ಬಂದದ್ದು ಆಗಲೇ.