ಹದಿನೆಂಟು ಜೇಬಿನ ಕೋಟು, ಒಂದು ಸಿಂಹ

ನಡುಮನೆಯ ಗೋಡೆಯಿಂದ ಆ ಕಾಡುಕೋಣವನ್ನು ಇಳಿಸದಿದ್ದರೆ ನನ್ನ ಹೆಸರು ಗಕುರು ಅಲ್ಲ!

ಹಾಗೆಂದು ಹೆಂಡತಿ ಗಥೋನಿಯ ಮುಂದೆ ಎದೆ ತಟ್ಟಿಕೊಂಡು ಘೋಷಿಸಿದೆ. ಕೋಣ ಎಂದರೆ ಫೋಟೋದ ಕೋಣ. ತೆಗೆದವನು ಅವಳ ತಮ್ಮ ಗಿಚೂಕಿ, ಪ್ರವಾಸಿಗರ ವ್ಯಾನಿನ ಚಾಲಕ. ನಾನು ಜೋಳದ ಹಿಟ್ಟಿನ ಉಗಾಲಿ ಮುದ್ದೆ ಮುರಿಯುವಾಗಲೆಲ್ಲ ಅದು ನನ್ನ ತಟ್ಟೆಯನ್ನೇ ದುರುಗುಟ್ಟಿ ನೋಡುತ್ತದೆ. ಬಂದ ನೆಂಟರೆಲ್ಲ "ಆಹಾ, ಗಿಚೂಕಿ!" ಎನ್ನುತ್ತಾರೆ. ಮನೆಯ ಯಜಮಾನ ನಾನು, ಹೊಗಳಿಕೆ ಭಾವಮೈದುನನಿಗೆ!

"ಸಿಂಹದ ಫೋಟೋ ಬರ್ಲಿ ನ್ಯಾಕಿಯೊ ಅಪ್ಪಾ, ಕೋಣನ ಆಗ್ಲೇ ಇಳಿಸ್ತೀನಿ," ಎಂದಳು, ಮಗಳ ಹೆಸರು ಹಿಡಿದೇ ನನ್ನನ್ನು ಕರೆಯುವ ಗಥೋನಿ.

ಸರಿ, ಶನಿವಾರ ಬೆಳಿಗ್ಗೆ ಗೆಳೆಯರಾದ ಒಡುವೋರ್, ಮುತಿಸ್ಯರೊಂದಿಗೆ ನೈರೋಬಿ ರಾಷ್ಟ್ರೀಯ ಉದ್ಯಾನಕ್ಕೆ ದಂಡಯಾತ್ರೆ ಹೊರಟೆ. ಜುಲೈ ಎಂದರೆ ನಮ್ಮಲ್ಲಿ ಚಳಿಗಾಲ. ಒಡುವೋರನ ಹಳೇ ವ್ಯಾನು, ಅದರ ಚಾವಣಿಯಲ್ಲಿ ಎದ್ದು ನಿಂತು ನೋಡಲೊಂದು ಕಿಂಡಿ. ನನ್ನ ಮೈಮೇಲೆ ಗಿಕೊಂಬಾ ಸಂತೆಯ ಹಳೆಬಟ್ಟೆ ರಾಶಿಯಲ್ಲಿ ಹೆಕ್ಕಿದ ಹದಿನೆಂಟು ಜೇಬಿನ ಫೋಟೋಗ್ರಾಫರ್ ಕೋಟು! ಅಷ್ಟು ಜೇಬಿಗಾಗುವ ಸಾಮಾನು ನನ್ನಲ್ಲಿರಲಿಲ್ಲ. ಹಾಗೆಂದು ಖಾಲಿ ಬಿಡುವುದೇ? ಬೇಯಿಸಿದ ಮೊಟ್ಟೆ, ಕಡಲೆಕಾಯಿ, ಸುಟ್ಟ ಜೋಳ ಎಲ್ಲ ತುರುಕಿದೆ.

"ಹಿಂದೆ ಜೀಬ್ರಾ!" ಎಂದ ಮುತಿಸ್ಯ. ಕ್ಯಾಮೆರಾ ಹಿಡಿದು, ಹಿಂದಕ್ಕೆ ಮುಖ ಮಾಡಿ ಕಿಂಡಿಯಲ್ಲಿ ನುಗ್ಗಿದೆ. ಎದೆ ದಾಟಿತು. ಸೊಂಟದ ಜೇಬುಗಳು ದಾಟಲಿಲ್ಲ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ!

ಅದೇ ಹೊತ್ತಿಗೆ ಒಡುವೋರ್ ಪಿಸುಗುಟ್ಟಿದ: "ಲೋ, ಮುಂದೆ ಸಿಂಹ! ತಿರುಗೋ!"

"ಸಿಕ್ಕಾಕ್ಕೊಂಡಿದೀನಿ ಕಣೋ! ಜೇಬು ಖಾಲಿ ಮಾಡ್ರೋ!"

ಕೆಳಗಿನಿಂದ ಕೈಗಳು ಬಂದವು. ಮೊಟ್ಟೆಗಳು ಹೋದವು. ಜೊತೆಗೆ ಚಪ್ಪರಿಸುವ ಸದ್ದೂ ಕೇಳಿಸಿತು.

"ಮುತಿಸ್ಯ, ಬೇಗ ಮಾಡೋ!"

"ಮಾಡ್ತಾನೇ ಇದೀನಲ್ಲಪ್ಪಾ! ಉಪ್ಪು ಯಾವ ಜೇಬಲ್ಲಿದೆ?"

ಇದ್ದಕ್ಕಿದ್ದಂತೆ ವ್ಯಾನು ಜಗ್ಗಿತು. ಎಂಜಿನ್ನಿನ ಬಿಸಿಗೆ ಆಸೆಪಟ್ಟ ಮೃಗರಾಜರು ಬಾನೆಟ್ಟಿನ ಮೇಲೇ ಆಸೀನರಾಗಿದ್ದರು! ಕತ್ತೊಂದನ್ನೇ ಹೊರಳಿಸಿ ನೋಡಿದೆ. ಒಂದೂವರೆ ಮಾರು ದೂರದಲ್ಲಿ ಕೇಸರ! ಕೈಯಲ್ಲಿ ಕ್ಯಾಮೆರಾ ಇರುವುದೂ ಮರೆತುಹೋಯಿತು. ನನ್ನ ಬಾಯಿಂದ ಹೊರಟ ಕೂಗಿಗೆ ಜೀಬ್ರಾಗಳು ದಿಕ್ಕಾಪಾಲಾದವು. ಸಿಂಹ ಮಾತ್ರ, ಯಾರಿಗೋ ಹುಷಾರಿಲ್ಲವೇನೋ ಎಂಬಂತೆ ನನ್ನನ್ನೇ ನೋಡಿತು.

ಅಷ್ಟರಲ್ಲಿ ಪಕ್ಕಕ್ಕೊಂದು ಪ್ರವಾಸಿಗರ ವ್ಯಾನು ಬಂದು ನಿಂತಿತು. ಕಿಟಕಿಯಲ್ಲಿ ಯಾರು? ಗಿಚೂಕಿ!

"ಭಾವಾ, ಅಲ್ಲಾಡ್ಬೇಡಿ! ಬೆಳಕು ಚೆನ್ನಾಗಿದೆ!"

ನನ್ನ ಕೂಗು ಇನ್ನೂ ನಿಂತಿರಲಿಲ್ಲ. ಕ್ಲಿಕ್.

ಹನ್ನೆರಡನೆಯ ಮೊಟ್ಟೆ ಮುಗಿದಾಗ ನಾನು ಮೂಟೆಯಂತೆ ಮುತಿಸ್ಯನ ತೊಡೆಯ ಮೇಲೆ ಬಿದ್ದೆ. ಸಿಂಹ ಅಷ್ಟರಲ್ಲಿ ಇಳಿದು ಹೋಗಿಯಾಗಿತ್ತು. ನನ್ನ ಕ್ಯಾಮೆರಾದಲ್ಲಿ ಉಳಿದದ್ದು, ಗಾಬರಿಯಲ್ಲಿ ಬೆರಳು ತಾನೇ ಒತ್ತಿದ, ಓಡುವ ನಲವತ್ತು ಜೀಬ್ರಾ ಬಾಲಗಳು.

ಸಂಜೆ ಮನೆಗೆ ಬಂದರೆ ಗೋಡೆಯ ಮೇಲೆ ಕೋಣವಿಲ್ಲ! ಗಥೋನಿ ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಅದೇ ಮೊಳೆಗೆ ಸಿಂಹ ನೇತಾಡುತ್ತಿತ್ತು, ಮೊದಲಿಗಿಂತ ದೊಡ್ಡ ಚೌಕಟ್ಟಿನಲ್ಲಿ, ಮೂಲೆಯಲ್ಲಿ ಗಿಚೂಕಿಯ ಸಹಿಯೊಂದಿಗೆ.

ಮರುದಿನ ಚರ್ಚು ಮುಗಿಸಿ ಬಂದ ನೆಂಟರು ಅದರ ಮುಂದೆ ಸಾಲುಗಟ್ಟಿದರು. ಗಥೋನಿ ಚಹಾ ಲೋಟ ಕೊಡುತ್ತಾ ಒಬ್ಬೊಬ್ಬರಿಗೂ ಬೆರಳಿಟ್ಟು ತೋರಿಸುತ್ತಿದ್ದಳು:

"ಕೆಳಗೆ ಬಾಯ್ಮುಚ್ಕೊಂಡು ಕೂತಿದೆಯಲ್ಲ, ಅದು ಸಿಂಹ. ಮೇಲೆ ಗರ್ಜಿಸ್ತಾ ಇದಾರಲ್ಲ, ಅವ್ರು ನಮ್ಮನೆಯವರು!"