ನೀಲಿ ಕಾರು ಹತ್ತದ ಮಗ

ಪರದೇಶದಲ್ಲಿ ಬಾಳುವವನಿಗೆ ಪಾಸ್‌ಪೋರ್ಟು ಬೇಕು, ವೀಸಾ ಬೇಕು, ಕೆಲಸಕ್ಕೆ ಕರೆಸಿಕೊಂಡ ಕಫೀಲನ ಕೃಪೆ ಬೇಕು, ಎಲ್ಲ ನಿಜ. ಆದರೆ ಇವೆಲ್ಲಕ್ಕಿಂತ ಮುಖ್ಯವಾಗಿ ಬೇಕಾದವರು ಕಾರಿರುವ ನೆರೆಯವರು. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ತೊಂಬತ್ತರ ದಶಕದ ಆರಂಭದಲ್ಲಿ ನಾವು ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದೆವು. ಅಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಆ ಹೊತ್ತಿಗೆ ಏಳು ಸಲ ಫೇಲಾಗಿದ್ದೆ. ಖಾಲಿ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ನಡುವೆ ಕಾರನ್ನು ಹಿಂದಕ್ಕೆ ಓಡಿಸಿ ನಿಲ್ಲಿಸು ಅನ್ನುತ್ತಾರೆ. ಕಾರು ಮುಂದಕ್ಕೆ ಹೋಗುವಾಗಲೇ ಚಾಮುಂಡಿಯನ್ನು ನೆನೆಯುವವನು ನಾನು. ಏಳನೆಯ ಸಲ ಕೆಡವಿದ ಡ್ರಮ್ಮು ಉರುಳಿಕೊಂಡು ಹೋಗಿ ಪರೀಕ್ಷೆ ಮಾಡುವ ಪೊಲೀಸಪ್ಪನ ಕಾಲ ಬಳಿಯೇ ನಿಂತಿತು. ಆತ ಕೋಪವನ್ನೂ ಮಾಡಿಕೊಳ್ಳದೆ ‘ಖಲಾಸ್’ ಎಂದು ಕೈ ಒದರಿ ಮುಂದಿನವನನ್ನು ಕರೆದ. ನನ್ನ ಉದ್ಯೋಗವೋ ಕಾಂಕ್ರೀಟು ಪರೀಕ್ಷೆಯ ಲ್ಯಾಬಿನಲ್ಲಿ. ದಿನವಿಡೀ ಕಾಂಕ್ರೀಟಿನ ಗಟ್ಟಿಗಳನ್ನು ಯಂತ್ರದಲ್ಲಿಟ್ಟು ಒಡೆದು, ಇದು ಪಾಸು, ಅದು ಫೇಲು ಎಂದು ಬರೆಯುತ್ತಿದ್ದವನಿಗೆ ಆ ಗಟ್ಟಿಗಳ ಮೇಲೆ ಅಂದಿನಿಂದ ಸ್ವಲ್ಪ ಕನಿಕರ ಬಂತು.

ನನ್ನನ್ನು ಕರೆದೊಯ್ಯಲು ಕಂಪನಿ ಬಸ್ಸಿತ್ತು. ಹೆಂಡತಿ ನಳಿನಿ ಭಾರತೀಯ ಶಾಲೆಯೊಂದರಲ್ಲಿ ಗಣಿತದ ಮೇಡಂ. ಮಗ ಅಭಿ ಅದೇ ಶಾಲೆಯ ಕೆ.ಜಿ.ಯಲ್ಲಿದ್ದ. ಇವರಿಬ್ಬರ ಸವಾರಿ ನಡೆಯುತ್ತಿದ್ದುದು ಮೇಲಿನ ಫ್ಲ್ಯಾಟಿನ ವಾರಿಜಕ್ಕನ ಕಾರಿನಲ್ಲಿ. ಉಡುಪಿ ಕಡೆಯ ವಾರಿಜಕ್ಕ ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಮೊದಲನೇ ಸಲಕ್ಕೇ ಲೈಸೆನ್ಸು ತೆಗೆದುಕೊಂಡವರು. ಅವರ ಯಜಮಾನರು ಶೆಟ್ಟರು ಬಂದರಿನಲ್ಲಿ ಸರಕು ಬಿಡಿಸುವ ಕಚೇರಿಯಲ್ಲಿದ್ದರು. ಆರು ವರ್ಷದ ಮಗಳು ನಿಶಾ. ನೆರೆಯವರು ಅಂದರೆ ಇವರು ಬರೀ ನೆರೆಯವರಲ್ಲ. ಅಭಿ ಹುಟ್ಟಿದಾಗ ಮೈಸೂರಿನಿಂದ ಅತ್ತೆಗೆ ವೀಸಾ ಸಿಗಲಿಲ್ಲ. ಆಗ ನಲವತ್ತು ದಿನ ಎಣ್ಣೆನೀರು ಹಾಕಿ, ಕಷಾಯ ಕುಡಿಸಿ ಬಾಣಂತನ ಮಾಡಿದವರು ವಾರಿಜಕ್ಕ. ಆ ಊರಿನಲ್ಲಿ ನಮಗೆ ಬಂಧು ಬಳಗ ಅಂತ ಇದ್ದದ್ದು ಮೇಲಿನ ಆ ಒಂದು ಬಾಗಿಲು ಮಾತ್ರ.

ಎರಡೂ ಮನೆಗೆ ಮಕ್ಕಳನ್ನು ನೋಡಿಕೊಳ್ಳುವವರು ಬೇಕಾದಾಗ ಒಟ್ಟಿಗೇ ಏಜೆಂಟನ ಬಳಿಗೆ ಹೋದೆವು. ಇಂಡೋನೇಷ್ಯಾದವರು ಸಿಗುತ್ತಾರೆ ಅಂದ. ಅಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದೆ. “ಇಬ್ಬರೂ ಆದಷ್ಟೂ ಅಕ್ಕಪಕ್ಕದ ಊರಿನವರಾಗಿರಲಿ. ಪಾಪ, ಒಬ್ಬರಿಗೊಬ್ಬರು ಜೊತೆ ಆಗುತ್ತಾರೆ” ಎಂದೆ. ಗಲ್ಫಿನಲ್ಲಿರುವ ಕನ್ನಡಿಗನ ನಂಬಿಕೆಯೇ ಇದು. ನಮ್ಮ ಕಡೆಯವರು ಒಬ್ಬರು ಸಿಕ್ಕರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು. ಏಜೆಂಟ್ ಮಾತು ಉಳಿಸಿಕೊಂಡ. ನಮ್ಮ ಮನೆಗೆ ಸುರಬಾಯಾ ಎಂಬ ಊರಿನ ಸುತಿನಾ ಬಂದಳು, ಶೆಟ್ಟರ ಮನೆಗೆ ಅಲ್ಲಿಂದ ಎರಡು ಮೂರು ಗಂಟೆಯ ಬಸ್ ದಾರಿಯ ಮಲಾಂಗ್ ಎಂಬ ಊರಿನ ಯಾಯುಕ್. ಇಬ್ಬರೂ ಕೆಲಸದಲ್ಲಿ ಚುರುಕು, ಮಕ್ಕಳ ಮೇಲೆ ಪ್ರಾಣ. ಆದರೆ ತಮ್ಮತಮ್ಮಲ್ಲಿ ಒಂದು ಮಾತಿಲ್ಲ. ಒಬ್ಬಳು ತಾರಸಿಯಲ್ಲಿ ಬಟ್ಟೆ ಒಣಹಾಕಿ ಇಳಿದ ಮೇಲೆಯೇ ಇನ್ನೊಬ್ಬಳು ಹತ್ತುತ್ತಿದ್ದಳು. ಹೊಸದರಲ್ಲಿ ಸಂಕೋಚ ಇರುತ್ತದೆ ಎಂದು ನಾನು ಎಲ್ಲರಿಗೂ ವಿವರಿಸುತ್ತಿದ್ದೆ. ಆ ಸಂಕೋಚಕ್ಕೆ ಒಂದು ವರ್ಷ ತುಂಬಿತ್ತು.

ಸುತಿನಾ ಬಂದ ಮೇಲೆ ನಮ್ಮನೆಯಲ್ಲಿ ಒಂದು ಪವಾಡವೇ ನಡೆಯಿತು. ತರಕಾರಿ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ ಅಭಿ ಹುರುಳಿಕಾಯಿ ಪಲ್ಯ, ದಂಟಿನ ಸೊಪ್ಪು, ಕೊನೆಗೆ ಹಾಗಲಕಾಯಿಯನ್ನೂ ಕೇಳಿ ಹಾಕಿಸಿಕೊಂಡು ತಿನ್ನತೊಡಗಿದ. ಅದೇ ಹೊತ್ತಿಗೆ ಮೇಲಿನ ಮನೆಯ ನಿಶಾ ಸೊಪ್ಪು ಮುಟ್ಟುವುದನ್ನು ಬಿಟ್ಟಳು. ಬಸಳೆ ಸಾರು ಕಂಡರೆ ತಟ್ಟೆ ತಳ್ಳುತ್ತಿದ್ದಳು. ಬಸಳೆ ಒಲ್ಲೆನೆನ್ನುವ ತುಳುನಾಡಿನ ಹುಡುಗಿ ಇದ್ದಾಳೆಂದರೆ ಯಾರು ನಂಬಬೇಕು! ವಾರಿಜಕ್ಕ ಕಣ್ಣೀರು ಹಾಕಿದರು. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ಒಂದು ಶುಕ್ರವಾರ ಶೆಟ್ಟರ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ಮಕ್ಕಳಿಗೆ ಶಿಸ್ತು ಹೇಗೆ ಕಲಿಸಬೇಕು, ತಂದೆಯಾದವನ ಧ್ವನಿಯಲ್ಲಿ ಎಷ್ಟು ಗಾಂಭೀರ್ಯ ಇರಬೇಕು ಎಂದು ಮುಕ್ಕಾಲು ಗಂಟೆ ಉಪದೇಶ ಮಾಡಿದೆ. ಶೆಟ್ಟರು ಮರ್ಯಾದಸ್ಥರು, ಕೇಳಿಸಿಕೊಂಡರು.

ಇಷ್ಟಾದ ಮೇಲೆ ಶೆಟ್ಟರು ತಮ್ಮ ಹಳೆಯ ಬಿಳಿ ಕಾರು ಮಾರಿ ಹೊಸ ಕಾರು ತಂದರು. ನೀಲಿ ಬಣ್ಣದ್ದು, ನವಿಲಿನ ಕತ್ತಿನ ಹಾಗೆ ಹೊಳೆಯುತ್ತಿತ್ತು. ಶನಿವಾರ ಬೆಳಿಗ್ಗೆ ವಾರಿಜಕ್ಕ ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿ ಹಾರನ್ ಮಾಡಿದರು. ನಳಿನಿ ಹತ್ತಿದಳು. ಅಭಿ ಹತ್ತಲಿಲ್ಲ. ಬಾಗಿಲ ತನಕ ಬಂದವನು ಕಾರನ್ನು ನೋಡಿ, ತಿರುಗಿ, ನನ್ನ ಕಾಲನ್ನು ತಬ್ಬಿ ಮೂರು ಅಂತಸ್ತಿಗೂ ಕೇಳುವ ಹಾಗೆ ಅಳತೊಡಗಿದ. ಮುದ್ದು ಮಾಡಿದ್ದಾಯಿತು, ಚಾಕೊಲೇಟು ತೋರಿಸಿದ್ದಾಯಿತು. ಎತ್ತಿ ಒಳಗೆ ಹಾಕಲು ಹೋದರೆ ಬಾಗಿಲಿಗೆ ಎರಡೂ ಕಾಲು ಒತ್ತಿ ಹಟ ಹಿಡಿದ. ಏಕೆ ಎಂದರೆ ಒಂದೇ ಉತ್ತರ, “ಐ ಡೋಂಟ್ ಲೈಕ್ ದಿಸ್ ಕಾರ್.” ಕೊನೆಗೆ ನಳಿನಿ ಇಳಿದು ಅವನನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದಳು. ಭಾನುವಾರವೂ ಅದೇ, ಸೋಮವಾರವೂ ಅದೇ. ಮೂರನೇ ದಿನ ತಡವಾಗಿ ಹೋದದ್ದಕ್ಕೆ ಶಾಲೆಯವರು ನಳಿನಿಯನ್ನು ಕರೆಸಿ, ಇನ್ನೊಂದು ವಾರ ಹೀಗೇ ಆದರೆ ಅವಳ ತರಗತಿಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು.

ನಳಿನಿ ಅಂದು ಸಂಜೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಕಾರಿಡಾರಿಗೆಲ್ಲ ಹರಡಿ, ಬೆಂಕಿ ಬಿತ್ತೆಂದು ವಾಚ್‌ಮನ್ ನೀರಿನ ಬಕೆಟ್ಟು ಹಿಡಿದು ಓಡಿಬಂದ. ದೃಷ್ಟಿ ಹೋಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಬುಧವಾರ ಆಯಿತು. ಬೆಳಿಗ್ಗೆ ಹಾರನ್ ಕೇಳಿಸಲಿಲ್ಲ. ವಾರಿಜಕ್ಕ ಸದ್ದಿಲ್ಲದೆ ಹೊರಟುಹೋಗಿದ್ದರು. ಮೆಟ್ಟಿಲಲ್ಲಿ ಎದುರಾದ ಶೆಟ್ಟರು ಮುಖ ಗಂಟಿಕ್ಕಿಕೊಂಡು ಹೇಳಿದರು.

“ಮೂರ್ತಿಯವರೇ, ಎಂತ ಇದ್ರೂ ನೇರ ಹೇಳ್ಬಹುದಿತ್ತು. ನಮ್ಮ ಕಾರಲ್ಲಿ ಮೀನು ತರುದು ಹೌದು. ವಾಸನೆ ಆಗ್ತದೆ ಅಂತ ಒಂದು ಮಾತು ಹೇಳಿದ್ರೆ ನಾವೇನು ಬೇಜಾರು ಮಾಡ್ಕೊಳ್ತಿದ್ವಾ? ಸಣ್ಣ ಮಗುವಿಗೆ ಹೇಳಿಕೊಟ್ಟು ಅಳಿಸುದು ಯಾಕೆ? ವಾರಿಜ ರಾತ್ರಿ ಊಟ ಮಾಡ್ಲಿಲ್ಲ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೌದು, ನಾವು ಸಸ್ಯಾಹಾರಿಗಳು. ಆದರೆ ನಲವತ್ತು ದಿನ ನನ್ನ ಹೆಂಡತಿಯ ಬೆನ್ನು ಉಜ್ಜಿದ ಕೈಯಲ್ಲಿ ಮೀನಿನ ವಾಸನೆ ಹುಡುಕುವಷ್ಟು ಕೆಟ್ಟವರೇ? ಇಲ್ಲ ಶೆಟ್ಟರೇ, ದೇವರಾಣೆ ಇಲ್ಲ ಎಂದೆ. ಅವರು ಹೂಂ ಅಂದು ಇಳಿದುಹೋದರು. ಒಳಗೆ ಬಂದು ನಳಿನಿಗೆ ಹೇಳಿದರೆ ಅವಳು, “ಕೆಲಸ ಹೋದ್ರೆ ಹೋಗ್ಲಿ ಕಣ್ರೀ, ವಾರಿಜಕ್ಕ ಹಾಗೆ ತಿಳ್ಕೊಂಡ್ರಲ್ಲ” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಬಾಯಿಮಾತಿಗೆ ಬೆಲೆಯಿಲ್ಲದ ಕಡೆ ಕೆಲಸ ಮಾಡಿ ತೋರಿಸಬೇಕು. ಶುಕ್ರವಾರ ಬೆಳಿಗ್ಗೆ ಶೆಟ್ಟರು ಮತ್ರಾದ ಮೀನು ಮಾರುಕಟ್ಟೆಗೆ ಹೊರಡುವ ಹೊತ್ತಿಗೆ ನಾನು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಅವರ ಕಾರಿನ ಪಕ್ಕ ನಿಂತಿದ್ದೆ. ನಾನೂ ಬರುತ್ತೇನೆ ಎಂದೆ. ಶೆಟ್ಟರು ಕಕ್ಕಾಬಿಕ್ಕಿಯಾದರು. ಮಾರುಕಟ್ಟೆಯಲ್ಲಿ ಉಸಿರು ಬಿಗಿಹಿಡಿದು ಅವರ ಹಿಂದೆಯೇ ಸುತ್ತಿದೆ. ಅವರು ನನ್ನ ಕೈಯುದ್ದದ ಒಂದು ಅಂಜಲ್ ಆರಿಸಿದರು. ಡಿಕ್ಕಿಯಲ್ಲಿಡಲು ಹೋದಾಗ ನಾನು ತಡೆದು, ಮುಂದಿನ ಸೀಟಿನಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ತಣ್ಣನೆಯ ನೀರು ಪ್ಯಾಂಟಿಗಿಳಿಯುತ್ತಿತ್ತು. ಅದರ ಬಾಲ ಚೀಲದಿಂದ ಹೊರಗೆ ಬಂದು ತಿರುವಿನಲ್ಲೆಲ್ಲ ನನ್ನ ಗಲ್ಲ ಸವರುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಶೆಟ್ಟರಿಗೆ ತಡೆಯಲಾಗಲಿಲ್ಲ. “ಮೂರ್ತಿಯವರೇ, ಅದು ಸತ್ತಿದೆ ಮಾರಾಯ್ರೆ. ತೊಟ್ಟಿಲು ತೂಗಿದ ಹಾಗೆ ತೂಗುದು ಬೇಡ” ಎಂದು ಕಾರು ಬದಿಗೆ ನಿಲ್ಲಿಸಿ ನಕ್ಕರು. ಐದು ದಿನದ ಮೇಲೆ ಕೇಳಿದ ಆ ನಗುವಿಗೆ ನನ್ನ ಕಣ್ಣು ತೇವವಾಯಿತು. ಮೀನಿನ ಬಾಲ ತಗುಲಿದ್ದಕ್ಕೆ ಎಂದು ಹೇಳಿಕೊಂಡೆ.

ಮನೆ ಮುಂದೆ ಕಾರಿನಿಂದ ಇಳಿದೆ. ಅಭಿ ಸುತಿನಾಳ ಕೈ ಹಿಡಿದು ಬಾಗಿಲಲ್ಲಿದ್ದ. ನನ್ನನ್ನು ನೋಡಿದವನೇ, ಅಪ್ಪ ಮತಾಂತರವಾಗಿ ಬಂದನೇನೋ ಎಂಬಂತೆ ಬಿಕ್ಕಿ ಬಿಕ್ಕಿ ಅಳತೊಡಗಿದ. ಮೇಲಿನ ಬಾಲ್ಕನಿಯಲ್ಲಿ ನಿಶಾ ಚಪ್ಪಾಳೆ ತಟ್ಟಿ ಕುಣಿದಳು. “ಅಂಕಲ್ ಕೇಮ್ ಇನ್ ಅವರ್ ಕಾರ್! ನೌ ಅಂಕಲ್ ಈಸ್ ಬ್ಲೂ! ಮಲಾಂಗ್, ಮಲಾಂಗ್!” ಅವಳ ಹಿಂದೆ ನಿಂತ ಯಾಯುಕ್ ಸಿಕ್ಕಿಬಿದ್ದವಳಂತೆ ಒಳಗೆ ಸರಿದಳು. ನನ್ನ ಪಕ್ಕದ ಸುತಿನಾ ತಲೆ ತಗ್ಗಿಸಿದಳು. ಶೆಟ್ಟರು ನನ್ನ ಮುಖ ನೋಡಿದರು, ನಾನು ಅವರದು.

ಶೆಟ್ಟರ ಹಾಲ್‌ನಲ್ಲಿ ವಿಚಾರಣೆ ನಡೆಯಿತು. ಇಂಗ್ಲಿಷ್, ಹಿಂದಿ, ಅರಬ್ಬಿ ಎಲ್ಲ ಒಂದೊಂದು ಹಿಡಿ ಹಾಕಿ ಸುತಿನಾ ಹೇಳಿದ್ದು ಇಷ್ಟು. ಸುರಬಾಯಾದ ಫುಟ್‌ಬಾಲ್ ತಂಡದ್ದು ಹಸಿರು, ಮಲಾಂಗಿನದ್ದು ನೀಲಿ. ಇವರೂರಿನ ಗಾಡಿ ಪಂದ್ಯದ ದಿನ ಅವರೂರಿಗೆ ಹೋಗುವುದಿಲ್ಲ, ಅವರದು ಇವರೂರಿಗೆ ಬರುವುದಿಲ್ಲ. ಹಾಗೆ ಬಂದರೆ ಗಾಜು ಉಳಿಯುವುದಿಲ್ಲ. “ಬಾಬಾ, ಅಭಿ ಸುರಬಾಯಾ. ಬ್ಲೂ ಕಾರ್, ಹೌ ಕ್ಯಾನ್ ಸಿಟ್?” ಎಂದು ನನ್ನನ್ನೇ ಕೇಳಿದಳು. ಹಸಿರು ತಂಡದವನು ಹಸಿರು ತಿನ್ನಬೇಕು ಎಂದದ್ದಕ್ಕೆ ನನ್ನ ಮಗ ಹಾಗಲಕಾಯಿ ತಿಂದಿದ್ದ. ನನ್ನ ಗಂಭೀರ ಧ್ವನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮೇಲಿನ ಮನೆಯಲ್ಲಿ ಅದೇ ಲೆಕ್ಕದಲ್ಲಿ ಬಸಳೆ ಶತ್ರುಪಕ್ಷವಾಗಿತ್ತು. ನೀಲಿ ಬಣ್ಣದ ತರಕಾರಿಯನ್ನು ದೇವರು ಸೃಷ್ಟಿಸದೆ ಇದ್ದದ್ದರಿಂದ ಆ ಹುಡುಗಿ ಸೊರಗಿದ್ದಳು.

“ಇದನ್ನೆಲ್ಲ ಮಗುವಿಗೆ ಯಾಕಮ್ಮ ಹೇಳಿಕೊಟ್ಟೆ?” ಎಂದು ನಳಿನಿ ಕೇಳಿದಳು. ಸುತಿನಾ, ಊರಲ್ಲಿ ತನ್ನ ಮಗನೂ ಇಷ್ಟೇ ದೊಡ್ಡವನು, ಮಾವನ ಹೆಗಲ ಮೇಲೆ ಕುಳಿತು ಪಂದ್ಯಕ್ಕೆ ಹೋಗುತ್ತಾನೆ, ಅವನು ಹಾಡುವ ಹಾಡನ್ನೇ ಅಭಿಗೂ ಹಾಡಿದೆ, ಬೇರೆ ಹಾಡು ತನಗೆ ಬರುವುದಿಲ್ಲ ಎಂದಳು. ಮಗನನ್ನು ನೋಡಿ ಒಂದೂವರೆ ವರ್ಷವಾಗಿತ್ತಂತೆ. ವಾರಿಜಕ್ಕ ಎದ್ದು ಅವಳ ಬೆನ್ನು ಸವರಿದರು. ಆಮೇಲೆ ಶೆಟ್ಟರು, “ಅಯ್ಯೋ ದೇವ್ರೇ, ಇಷ್ಟೇಯಾ! ನಾನು ಮೀನು ಬಿಡುವ ಅಂತ ಮಾಡಿದ್ದೆ ಮಾರಾಯ್ರೆ!” ಎಂದು ದೊಡ್ಡದಾಗಿ ಉಸಿರು ಬಿಟ್ಟರು. ನಗು ಶುರುವಾಯಿತು. ನಳಿನಿ ವಾರಿಜಕ್ಕನ ಹೆಗಲಿಗೆ ಒರಗಿ ನಗುತ್ತಲೇ ಅಳುತ್ತಿದ್ದಳು. ಒಂದು ವಾರದಿಂದ ಎದೆಯ ಮೇಲೆ ಕುಳಿತಿದ್ದ ಕಾಂಕ್ರೀಟು ಗಟ್ಟಿಯೊಂದು ಇಳಿದು ನಾನು ಹಗುರಾದೆ.

ಒಪ್ಪಂದ ಕಾಫಿಯ ಜೊತೆ ಆಯಿತು. ಹಿಂದಿನ ಸೀಟಿನ ಎಡಗಡೆಗೆ ವಾರಿಜಕ್ಕ ಹಸಿರು ಬಟ್ಟೆಯ ಹೊದಿಕೆ ಹೊಲಿದು ಹಾಕುವುದು. ಅದು ಸುರಬಾಯಾ, ಅಲ್ಲಿ ಅಭಿ ಕೂರುವುದು. ಯಾಯುಕ್ ಮೊದಲು ಒಪ್ಪಲಿಲ್ಲ. ಕಾರಿನ ಹೊರಗೆಲ್ಲ ನೀಲಿಯೇ, ಸುರಬಾಯಾ ನಮ್ಮ ಹೊಟ್ಟೆಯೊಳಗೇ ಇರುತ್ತದೆ ಎಂದು ವಾರಿಜಕ್ಕ ಹೇಳಿದ ಮೇಲೆ ಒಪ್ಪಿದಳು. ಆ ಮಾತಿನಿಂದಲೇ ಅವಳಿಗೆ ಇನ್ನೊಂದು ಉಪಾಯ ಹೊಳೆಯಿತು. ಬಸಳೆಯ ಒಂದೊಂದು ಎಲೆಯೂ ಸುರಬಾಯಾದ ಒಬ್ಬೊಬ್ಬ ಆಟಗಾರ ಎಂದು ನಿಶಾಳಿಗೆ ಹೇಳಿದಳು. ಆ ಹುಡುಗಿ ಅಂದು ಮಧ್ಯಾಹ್ನ ಹನ್ನೊಂದು ಜನರನ್ನೂ ಮುಗಿಸಿ, ಬದಲಿ ಆಟಗಾರರನ್ನು ಕೇಳಿದಳಂತೆ. ಶನಿವಾರ ಬೆಳಿಗ್ಗೆ ಹಾರನ್ ಕೇಳಿಸಿತು. ಅಭಿ ಎದೆಯುಬ್ಬಿಸಿಕೊಂಡು ಹೋಗಿ ತನ್ನ ಅರ್ಧ ಸೀಟಿನಲ್ಲಿ ಕುಳಿತ. ಅಷ್ಟು ಇಂಪಾದ ಹಾರನ್ ನಾನು ಬೇರೆ ಕೇಳಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಎರಡು ತಿಂಗಳಾದ ಮೇಲೆ ಸುತಿನಾಳ ತಮ್ಮನ ಕಾಗದ ಬಂತು. ಮಲಾಂಗಿನ ಮೇಲೆ ಸುರಬಾಯಾ ಒಂದು ಗೋಲಿನಿಂದ ಗೆದ್ದಿತ್ತು. ಅವಳು ಹೇಳಿ ಮುಗಿಸುವಷ್ಟರಲ್ಲಿ ನನಗೆ ಏನಾಯಿತೋ ತಿಳಿಯದು, ಲುಂಗಿ ಎತ್ತಿ ಕಟ್ಟಿಕೊಂಡು ಮೆಟ್ಟಿಲಿಳಿದೆ. ಬೆಳಗಿನ ಹೊತ್ತು, ಶೆಟ್ಟರು ಅಂಗಳದಲ್ಲಿ ಕಾರು ಒರೆಸುತ್ತಿದ್ದರು.

“ಶೆಟ್ಟರೇ, ನಾವು ಗೆದ್ದೆವಂತೆ!” ಎಂದೆ.

ಶೆಟ್ಟರು ತಲೆಯೆತ್ತಲಿಲ್ಲ. “ಗೊತ್ತುಂಟು. ಯಾಯುಕಿಗೂ ಕಾಗದ ಬಂದಿದೆ. ಅದೊಂದು ಗೆಲುವಾ? ಸುಳ್ಳು ಪೆನಾಲ್ಟಿ ಕೊಟ್ಟು ಗೆಲ್ಲಿಸಿದ್ದು.”

“ಸುಳ್ಳು ಹೇಗಾಗತ್ತೆ? ರೆಫರಿ ಕಣ್ಣಾರೆ ನೋಡಿ ಕೊಟ್ಟಿದ್ದು!”

“ರೆಫರಿ ನಿಮ್ಮ ಕಡೆಯವನೇ ಇರ್ಬೇಕು. ನೀವು ಮೈಸೂರಿನವರು ಎಲ್ಲ ಕಡೆ ನಿಮ್ಮವರನ್ನೇ ಕೂರಿಸಿಕೊಳ್ತೀರಿ.”

“ನಿಮ್ಮ ಕರಾವಳಿಯವರಿಗೆ ಸೋಲು ಒಪ್ಪಿಕೊಂಡು ಗೊತ್ತೇ ಇಲ್ಲ ಬಿಡಿ!”

ಧ್ವನಿ ಏರಿತು. ಅಕ್ಕಪಕ್ಕದ ಕಿಟಕಿಗಳು ತೆರೆದವು. ಅಷ್ಟರಲ್ಲಿ ವಾರಿಜಕ್ಕ, ನಳಿನಿ, ಮಕ್ಕಳು ಬಂದು, ನಮ್ಮಿಬ್ಬರನ್ನು ದಾಟಿಕೊಂಡು ಕಾರು ಹತ್ತಿದರು. ಅಭಿಯೂ ನಿಶಾಳೂ ಒಂದೇ ಬಿಸ್ಕತ್ತಿನ ಪೊಟ್ಟಣಕ್ಕೆ ಕೈ ಹಾಕಿದ್ದರು. ಸುತಿನಾ, ಯಾಯುಕ್ ಇಬ್ಬರೂ ಮೆಟ್ಟಿಲ ಮೇಲೆ ಅಕ್ಕಪಕ್ಕ ನಿಂತು ನಮ್ಮನ್ನು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಳಿನಿ ಕಿಟಕಿಯಿಂದ ತಲೆ ಹೊರಗೆ ಹಾಕಿ, “ರೀ, ನೀವಿಬ್ರೂ ಜಗಳ ಮುಗಿದ್ಮೇಲೆ ಆಫೀಸಿಗೆ ಹೊರಡಿ” ಎಂದಳು. ನೀಲಿ ಕಾರು ಗೇಟು ದಾಟಿ ಹೋಯಿತು. ಗಂಡಸರ ಜಗಳಕ್ಕೆ ಕಾರು ಒಂದು ನಿಮಿಷವೂ ನಿಲ್ಲಲಿಲ್ಲವಲ್ಲ ಎಂದು ನನಗೆ ಬಹಳ ಸಮಾಧಾನವಾಯಿತು. ಸ್ವಲ್ಪ ಅವಮಾನವೂ ಆಯಿತೆನ್ನಿ.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಶೆಟ್ಟರು ಒದ್ದೆ ಬಟ್ಟೆ ಹಿಂಡುತ್ತಿದ್ದರು. ನಾನು ಹತ್ತಿರ ಸರಿದು ಕೇಳಿದೆ.

“ಅಲ್ಲ ಶೆಟ್ಟರೇ, ಈ ಪೆನಾಲ್ಟಿ ಅಂದ್ರೆ ಏನು?”

ಶೆಟ್ಟರು ಮೆಟ್ಟಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು.

“ನಂಗೂ ಸರಿ ಗೊತ್ತಿಲ್ಲ ಮಾರಾಯ್ರೆ. ಆ ಹೆಂಗಸರು ಒಳಗೆ ಹೋಗ್ಲಿ, ಆಮೇಲೆ ಯಾರನ್ನಾದ್ರೂ ಕೇಳುವ.”