ಭಾಗಪ್ಪನ ಕ್ರೋಟನ್ ಬಂದೋಬಸ್ತು

ತನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ ಎಂಬುದು ಭಾಗಪ್ಪನ ಗಟ್ಟಿ ನಂಬಿಕೆ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ನೌಕರಿ. ತಿಕೋಟಾ ಬಸ್ಸು ಹತ್ತಿ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಟಿಕೆಟ್ ಇಲ್ಲದವನು ತಾನಾಗಿಯೇ ಕೆಮ್ಮತೊಡಗುತ್ತಾನೆ. ಇಂಥ ಮಹಾನುಭಾವ ಇಟ್ಟಂಗಿಹಾಳದ ಕಡೆಯ ನರ್ಸರಿಯಿಂದ ಕೆಂಪು, ಹಳದಿ ಎಲೆಗಳ ಕ್ರೋಟನ್ ಗಿಡವೊಂದನ್ನು ಜಲನಗರದ ತನ್ನ ಮನೆಗೆ ತಂದ. ಜೊತೆಗಿದ್ದ ಪಕ್ಕದ ಮನೆಯ ಅಮೋಘಿಯೂ ಅಂಥದ್ದೇ ಒಂದನ್ನು ಕೊಂಡ.

ಅಮೋಘಿ ತನ್ನ ಕುಂಡವನ್ನು ಅಂಗಳದಲ್ಲಿಟ್ಟ. ಭಾಗಪ್ಪನಿಗೆ ಮಾತ್ರ ಹಾದಿಹೋಕರೆಲ್ಲ ಗಿಡಗಳ್ಳರಾಗಿ ಕಂಡರು. ಹಾಲಿನವನು ಎರಡು ಸಲ ತಿರುಗಿ ನೋಡಿದ್ದೇ ತಡ, ಕುಂಡ ಮಲಗುವ ಕೋಣೆಯ ಕಪಾಟಿನ ಹಿಂದೆ ಸೇರಿತು.

"ಗಿಡಾನ ಕತ್ತಲಿ ಖೋಲ್ಯಾಗ ಯಾರರ ಇಡ್ತಾರೇನ್ರಿ?" ಎಂದಳು ಹೆಂಡತಿ ಸುಮಂಗಲಾ.

"ನಿನಗ ಮಂದಿ ಗೊತ್ತಿಲ್ಲ, ಸುಮ್ನಿರು."

ಬರಬರುತ್ತ ಕೆಂಪೆಲೆಗಳು ಉದುರಿದವು. ಚಿಗುರಿದ್ದೆಲ್ಲ ಬರೀ ಹಸಿರು. ಕಿಟಕಿಯಿಂದ ನೋಡಿದರೆ ಅಮೋಘಿಯ ಗಿಡ ಮದುವೆ ಮನೆಯ ಹಾಗೆ ಝಗಝಗಿಸುತ್ತಿದೆ.

"ಗಿಡಾ ಬದಲಿ ಮಾಡ್ಯಾನ!" ಎಂದ ಭಾಗಪ್ಪ.

"ನಮ್ಮ ಮಲಗೋ ಖೋಲಿಗೆ ಅವರ‍್ಯಾವಾಗ ಬಂದಾರ‍್ರಿ?"

"ಬಂದದ್ದು ನಮಗ ಗೊತ್ತಾಗಿಲ್ಲ. ಅದಕ್ಕ ಅಂವ ಪಕ್ಕಾ ಕಳ್ಳ."

ಅಂದಿನಿಂದ ಅಮೋಘಿಯ ಕಟ್ಟೆಯ ಮೇಲಿನ ಮುಂಜಾನೆಯ ಚಹಾ ನಿಂತಿತು. "ಯಾಕ ಭಾಗಪ್ಪಣ್ಣ, ಆರಾಮಿಲ್ಲೇನು?" ಎಂದು ಅಮೋಘಿ ಕೇಳಿದರೆ ಭಾಗಪ್ಪ ಹಲ್ಲು ಕಡಿದುಕೊಂಡು ನಗುತ್ತಿದ್ದ. ನಿಜ ಹೇಳಬೇಕೆಂದರೆ ಆ ಚಹಾ ಇಲ್ಲದೆ ಅವನಿಗೆ ಮುಂಜಾನೆಯೇ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಅಮೋಘಿ ಮದುವೆಗೆಂದು ಬಬಲೇಶ್ವರಕ್ಕೆ ಹೊರಟ. ಮನೆಯ ಕೀಲಿಯನ್ನು ಭಾಗಪ್ಪನ ಕೈಯಲ್ಲಿಟ್ಟು, "ಗಿಡಕ್ಕ ಒಂಚೂರು ನೀರ ಹಾಕ್ರಿ" ಎಂದ. ಭಾಗಪ್ಪ ನೀರು ಹಾಕಲಿಲ್ಲ. ಕಳುವಾದ ಮಾಲನ್ನು ಕಾನೂನುಬದ್ಧವಾಗಿ ಮರಳಿ ಪಡೆದ! ಕೆಂಪು ಗಿಡ ಕಪಾಟಿನ ಹಿಂದೆ ಬಂತು, ಹಸಿರು ಗಿಡ ಅಮೋಘಿಯ ಅಂಗಳಕ್ಕೆ ಹೋಯಿತು. ಕೋಣೆಗೆ ಈ ಸಲ ಬೀಗವೂ ಬಿತ್ತು.

ಊರಿಂದ ಬಂದ ಅಮೋಘಿ ಚಕಾರ ಎತ್ತಲಿಲ್ಲ. ಕಳ್ಳನಿಗೆ ಬಾಯೆಲ್ಲಿ ಎಂದು ಭಾಗಪ್ಪ ಮೀಸೆ ತಿರುವಿದ.

ಎರಡು ತಿಂಗಳು ಕಳೆಯುವುದರೊಳಗೆ ಬೀಗ ಹಾಕಿದ ಕೋಣೆಯ ಗಿಡ ಮತ್ತೆ ಹಸಿರು. ಅಮೋಘಿಯ ಅಂಗಳದಲ್ಲಿ ಕೆಂಪೋ ಕೆಂಪು. ಭಾಗಪ್ಪ ಕುಂಡವನ್ನು ಎದೆಗವಚಿಕೊಂಡು ಪಕ್ಕದ ಮನೆಗೆ ನುಗ್ಗಿದ. ಹಿಂದೆಯೇ ಸುಮಂಗಲಾ ಓಡಿದಳು.

"ಖರೇ ಹೇಳು, ಬೀಗ ಹೆಂಗ ತೆಗದಿ?"

ಅಮೋಘಿ ಚಹಾದ ಕಪ್ಪು ಕೆಳಗಿಟ್ಟ. "ಬೀಗ ಯಾಕ ತೆಗೀಲಿ ಅಣ್ಣಾ? ಬಬಲೇಶ್ವರದಿಂದ ಬಂದು ನೋಡ್ತೀನಿ, ನನ್ನ ಕೆಂಪು ಗಿಡಾ ಹಸರ ಆಗೇತಿ. ಯಾರು ಇಟ್ಟಾರ ಅಂತ ಗೊತ್ತಾತು. ಕೇಳಿದ್ರ ನಿಮಗ ನಾಚಿಕಿ ಆದೀತು ಅಂತ ಸುಮ್ನಾದೆ. ಪಾಪ, ಬಿಸಲ ಕಂಡಿದ್ದಿಲ್ಲ ಅದು. ಬಿಸಲಾಗ ಇಟ್ಟೆ, ಬಣ್ಣ ತಾನ ಬಂತು."

ಭಾಗಪ್ಪನ ಕಿವಿ ಕೆಂಪಾದವು. ಅವನು ಕುಂಡವನ್ನು ತೆಪ್ಪಗೆ ಬಿಸಿಲಿಗಿಟ್ಟ. ಅಮೋಘಿ ಏನೂ ಆಗದವನಂತೆ ಅವನಿಗೊಂದು ಚಹಾ ತರಿಸಿದ.

ಮುಂದಿನ ವಾರ ಅಮೋಘಿ ಮತ್ತೆ ಬಬಲೇಶ್ವರಕ್ಕೆ ಹೊರಟು ನಿಂತ. ಭಾಗಪ್ಪ ಹಿಂದಿನ ಸಲದಂತೆ ಕೀಲಿಗೆ ಕೈ ಚಾಚಿದ. ಕೀಲಿ ಆ ಕೈಯನ್ನು ದಾಟಿ ಸುಮಂಗಲಾಳ ಕೈ ಸೇರಿತು.

"ವೈನಿ, ನೀರ ಅಣ್ಣಾನ ಹಾಕ್ಲಿ," ಎಂದ ಅಮೋಘಿ. "ನೀವು ಚೆಕಿಂಗಿಗೆ ನಿಂತಿರ‍್ರಿ."